ದಕಾರ, ಡಕಾರ

ಠಾಣೆಯಲ್ಲಿ ನನ್ನನ್ನು ರೈಟರ್ ಎನ್ನುತ್ತಾರೆ.
ಹತ್ತೊಂಬತ್ತು ವರ್ಷದಲ್ಲಿ ನಾನು ಬರೆದದ್ದೆಲ್ಲ
ಬೇರೆಯವರು ಹೇಳಿದ್ದು:
ಕದ್ದ ಸ್ಕೂಟರು, ಕಾಣೆಯಾದ ಗಂಡ, ಬಂದರಿನಲ್ಲಿ ತೇಲಿದ ಹೆಣ.
'ಮುಂದಿನ ಕ್ರಮ ಜರುಗಿಸಬೇಕಾಗಿ ಕೋರಿಕೆ' ಎಂದು ಮುಗಿಯುವ
ಉದ್ದುದ್ದ ವಾಕ್ಯಗಳು,
ಕೆಳಗೆ ಅವರ ಸಹಿ.

ನಾಳೆ ಹನ್ನೊಂದಕ್ಕೆ ನನ್ನದೇ ಸಾಕ್ಷಿ.

ಮಂಗಳಾ ಸ್ಟೇಡಿಯಮ್ಮಿನ ಗೇಟು. ಇನ್ನೂ ಕತ್ತಲು.
ಹಾವೇರಿ, ಬಾಗಲಕೋಟೆಯ ಹುಡುಗರು
ಚೀಲ ತಲೆಗಿಟ್ಟು ಫುಟ್‌ಪಾತಿನಲ್ಲಿ ಮಲಗಿದ್ದವರು
ಎದ್ದು ಬರಿಗಾಲಲ್ಲಿ ಕುಪ್ಪಳಿಸುತ್ತ ಮೈ ಬಿಸಿಮಾಡುತ್ತಿದ್ದರು.
ಆ ಸಾಲು ನನಗೆ ಗೊತ್ತು.
ಅದೇ ಮಣ್ಣಿನಲ್ಲಿ ನಾಲ್ಕು ಸುತ್ತು ಓಡಿ
ಏಳು ಸೆಕೆಂಡಿನಲ್ಲಿ ಮಿಲಿಟರಿ ತಪ್ಪಿ
ಪೊಲೀಸಾದವನು ನಾನು.

ಬೆಳಕಾದ ಮೇಲೆ, ತುಂತುರಿನಲ್ಲಿ, ಐದು ಜನ ಬಂದರು.
ಕ್ಲಾಕ್ ಟವರಿನೆದುರು ನಿಲ್ಲಲು ಕೇಳಿದ್ದರು: ಅನುಮತಿಯಿಲ್ಲ.
ಪುರಭವನದೆದುರು: ಇಲ್ಲ.
ಹಾಗಾದರೆ ಎಲ್ಲಿ, ಎಂಬ ಅರ್ಜಿಗೆ
ಸ್ವೀಕೃತಿಯ ಮೊಹರು ನಾನೇ ಒತ್ತಿದ್ದೆ.
ಉತ್ತರ ಹೋಗಿರಲಿಲ್ಲ.

ಮುಂದೆ ಲೋಲಾಕ್ಷಿ ಟೀಚರ್, ಅಶೋಕನಗರದಲ್ಲಿ
ಮೂವತ್ತು ವರ್ಷ ಕನ್ನಡ ಕಲಿಸಿದವರು.
ಅವರಿಗೆ ಕೊಡೆ ಹಿಡಿದು ಮಾಜಿ ಹವಾಲ್ದಾರ ಪದ್ಮಯ್ಯ ಗಟ್ಟಿ,
ಘೋಷಣೆ ಕೂಗಿ ಗೊತ್ತಿಲ್ಲದೆ
ಅಭ್ಯಾಸಬಲದಿಂದ ಸಾವಧಾನದಲ್ಲಿ ನಿಂತಿದ್ದರು.
ಹುಡುಗರು ಸಹಿ ಹಾಕಬೇಕಾದ ಕರಾರು
ಹಿಂದಿಯಲ್ಲಿತ್ತಂತೆ, ಇಂಗ್ಲಿಷಿನಲ್ಲಿತ್ತಂತೆ.
ಟೀಚರ್ ಕೂತು ಕನ್ನಡ ಮಾಡಿ ತಂದಿದ್ದರು:
ಎಷ್ಟು ವರ್ಷ, ಆಮೇಲೆ ಏನು,
ಕಾಲು ಹೋದರೆ ಎಷ್ಟು, ಜೀವ ಹೋದರೆ ಎಷ್ಟು.
ಕೊರಳಲ್ಲಿ ರಟ್ಟಿನ ಹಲಗೆ.
ಸಹಿ ಹಾಕುವ ಮುಂಚೆ ಓದಿ.

ಒಬ್ಬ ಓದಿ, ಮಡಚಿ, ಕಿಸೆಗಿಟ್ಟು, ಸಾಲಿಗೆ ಹೋದ.
ಸುಮಾರು ಜನ ಹಾಗೇ.
ಒಬ್ಬ ಮಾತ್ರ ಚೀಲ ಹೆಗಲಿಗೇರಿಸಿ
ಬಿಜೈ ಬಸ್‌ಸ್ಟ್ಯಾಂಡಿನ ಕಡೆ ನಡೆದ.
ಓಡಲಿಲ್ಲ, ನಡೆದ. ನಾನು ನೋಡಿದ್ದೇನೆ.

ಸಂಜೆ ದೂರು ಟೈಪಿಸುವಾಗ ಸಾಹೇಬರು ಬೆನ್ನ ಹಿಂದೆ.
'ಏನಂತ ಬರೆದಿತ್ತು?'
ಹೇಳಿದೆ.
'ಅದರಲ್ಲಿ ಕೇಸೆಲ್ಲುಂಟು ಮಾರಾಯ' ಅಂದು
ಚಹಾಕ್ಕೆ ಹೋದರು. ಅಷ್ಟೇ ಅಂದದ್ದು.

ಸಹಿ ಹಾಕುವ ಮುಂಚೆ ಓಡಿ.

ಒಂದು ಕೊಂಕು, ಅಷ್ಟೆ.
ಓದಿ ಅಂದರೆ ಸಲಹೆ, ಓಡಿ ಅಂದರೆ ಕುಮ್ಮಕ್ಕು.
ಕಲಮು ಬೇರೆ, ಜಾಮೀನು ಬೇರೆ.
ಹಲಗೆ ಮುದ್ದೆಮಾಲಿನ ಕೋಣೆಯಲ್ಲಿ
ನಿಜಕ್ಕೂ ಮುದ್ದೆಯಾಗಿದೆ, ಕೇಳಿದರೂ ಏನೂ ಹೇಳದು.
ಬೆರಳು ಜಾರಿತು ಎನ್ನೋಣವೆಂದರೆ
ಕೀಲಿಮಣೆಯಲ್ಲಿ ಅವೆರಡೂ ಅಕ್ಕಪಕ್ಕ ಇಲ್ಲ.

ತುಳುವಿನಲ್ಲಾದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.
ಓದುಲೆ ಅಂದರೆ ಓದುಲೆ, ಬಲಿಪುಲೆ ಅಂದರೆ ಬಲಿಪುಲೆ,
ಎಂಥ ರೈಟರಿಗೂ ಒಂದನ್ನು ಇನ್ನೊಂದು ಮಾಡಲು ಬಾರದು.
ಆದರೆ ಬಾಗಲಕೋಟೆಯವನಿಗೆ ತುಳು ಎಲ್ಲಿಂದ ಬರಬೇಕು.

ದೂರಿನ ಪ್ರತಿ ಪಡೆದದ್ದಕ್ಕೆ ಸಹಿ ಹಾಕಿ, ಎಂದೆ.
ಟೀಚರ್ ಕನ್ನಡಕ ಹುಡುಕಿದರು.
ಓದಿದರು. ಮೂರೂ ಪುಟ, ನಿಧಾನಕ್ಕೆ,
ನಮ್ಮ ವಾಕ್ಯಗಳನ್ನು ಅಷ್ಟು ಗಮನವಿಟ್ಟು ಯಾರೂ ಓದಿದ್ದಿಲ್ಲ.
ಎರಡನೇ ಪುಟದಲ್ಲಿ ನನ್ನ ಪೆನ್ನಿನಿಂದಲೇ
ಡ ಎಂಬುದಕ್ಕೆ ಒಂದು ಸುತ್ತು ಹಾಕಿದರು.
ಸಿಟ್ಟಿರಲಿಲ್ಲ.
'ನಾಲಗೆ ಹಲ್ಲಿಗೆ ತಾಗಿದರೆ ದ,
ಹಿಂದಕ್ಕೆ ಮಡಚಿದರೆ ಡ.
ಯಾವ ಶಾಲೆ ನಿಮ್ಮದು?'

ನಾಳೆ ಆ ಹಾಳೆಯನ್ನು ನನ್ನ ಕೈಗಿತ್ತು
ಅವರ ಪರ ವಕೀಲೆ, ಇನ್ನೂ ಚಿಕ್ಕ ಹುಡುಗಿ,
ಹೇಳುವುದು ಒಂದೇ ಮಾತು: ಓದಿ.

ಕ್ವಾರ್ಟರ್ಸಿನ ಬಚ್ಚಲಲ್ಲಿ, ಹೆಂಡತಿಗೆ ಕೇಳದ ಹಾಗೆ
ನಲ್ಲಿ ಬಿಟ್ಟು, ಕನ್ನಡಿಯೆದುರು ಬಾಯಿ ತೆರೆದಿದ್ದೇನೆ.
ಇಷ್ಟು ಚಿಕ್ಕ ಬಾಯಿಯಲ್ಲಿ
ಮುಂದಿನ ಹಲ್ಲು ಇಷ್ಟು ದೂರ ಇದೆಯೆಂದು
ನನಗೆ ಗೊತ್ತಿರಲಿಲ್ಲ.