ಒಂದೇ ಎಳೆಯ ಸಿಪ್ಪೆ

ಚರ್ಚಿನ ನೆಲಮಾಳಿಗೆಯಲ್ಲಿ
ಕಾಫಿ ಕುದಿದು ಕುದಿದು ಡಾಂಬರಾಗಿತ್ತು.
ಏಪ್ರಿಲ್ ಬಂದರೂ ಸುಪೀರಿಯರ್ ಸರೋವರ
ಇನ್ನೂ ಬಾಯಿ ಬಿಟ್ಟಿರಲಿಲ್ಲ.
ಬೂಟುಗಳಿಂದ ಕರಗಿಳಿದ ಹಿಮ
ಮಡಿಸುವ ಕುರ್ಚಿಗಳ ಕೆಳಗೆ ಹರಿದು
ಯಾರದು ಯಾವುದೆಂದು ತಿಳಿಯದೆ ಒಂದಾಗುತ್ತಿತ್ತು.

ಮೊದಲ ಸಾಲು ನಮ್ಮದು, ಮೊಮ್ಮಕ್ಕಳದು.
ತಿರುಗಿ ನೋಡಿದರೆ
ಹಿಮ ತಳ್ಳುವ ಲಾರಿಯ ಚಾಲಕ, ದಂತವೈದ್ಯೆ,
ಎರಡು ಸಲ ಜೈಲು ಕಂಡ ವೆಸ್ಲಿ ಬೂಡ್ರೋ,
ಪೆಟ್ರೋಲ್ ಬಂಕಿನ ರೋಂಡಾ, ಅವಳ ಮಗಳು.
ತಾಯಿ ಮಗಳು ಇಬ್ಬರೂ, ಅವರವರ ಕಾಲಕ್ಕೆ,
ಬಾಯ್ಲರ್ ಕೋಣೆಯ ಪಕ್ಕದ ಆ ಗೂಡಿನಲ್ಲಿ
ಅತ್ತು, ಮೂಗು ಒರೆಸಿಕೊಂಡು,
ಗಣಿತದ ತರಗತಿಗೆ ವಾಪಸು ಹೋದವರು.

ಬಾಗಿಲ ಮೇಲೆ ‘ಸಲಹೆಗಾರ’ ಎಂಬ ಹಲಗೆ.
ಆರ್ವಿಡ್ ಕಂಗಾಸ್. ಮೂವತ್ತನಾಲ್ಕು ವರ್ಷ.
ಕೊಟ್ಟ ಸಲಹೆ ಒಂದೂ ಯಾರಿಗೂ ನೆನಪಿಲ್ಲ.
ಸಲಹಿದ್ದು ನೆನಪಿದೆ.

ವೆಸ್ಲಿ ಎದ್ದು ನಿಂತ, ಟೋಪಿ ಹಿಂಡುತ್ತ:
“ಅಲ್ಲಿ ಎರಡು ಕುರ್ಚಿ ಇದ್ದವು.
ಕುಂಟುವುದು ಅವನದು, ಗಟ್ಟಿ ಇರುವುದು ನಮ್ಮದು.
ಮುಖ ನೋಡುತ್ತಿರಲಿಲ್ಲ ಪುಣ್ಯಾತ್ಮ.
ಕಿತ್ತಳೆ ಸುಲಿಯುತ್ತಿದ್ದ, ನಿಧಾನ, ಒಂದೇ ಎಳೆಯಲ್ಲಿ.
ಸಿಪ್ಪೆ ತುಂಡಾಗುತ್ತದೋ ಏನೋ ಎಂದು ನೋಡುತ್ತ ನೋಡುತ್ತ
ಹೇಳಬಾರದ್ದನ್ನೆಲ್ಲ ಹೇಳಿಬಿಟ್ಟಿರುತ್ತಿದ್ದೆ.”
ಅಷ್ಟೇ ಅಂದು ಕೂತ.

ಗಣಿ ಮುಚ್ಚಿದ ಚಳಿಗಾಲ
ಬುತ್ತಿ ತರದ ಮಕ್ಕಳು ಗ್ರಂಥಾಲಯದಲ್ಲಿ
ಪುಟ ತಿರುಗಿಸದೆ ಓದುತ್ತಿದ್ದರಂತೆ.
“ನನ್ನ ಹೆಂಡತಿಗೆ ಲೆಕ್ಕವೇ ಬರುವುದಿಲ್ಲ ನೋಡಿ,
ಒಬ್ಬನಿಗೆ ಇಷ್ಟೊಂದು ಕಟ್ಟಿದ್ದಾಳೆ” ಎಂದು
ಮಾಂಸದ ಕಡುಬುಗಳ ಚೀಲ ಬಿಚ್ಚುತ್ತಿದ್ದನಂತೆ.
ಅಜ್ಜಿ, ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ
ಪೈಸೆ ತಪ್ಪದ ಲೆಕ್ಕ ಬರೆದವಳು,
ಈಗ ಕೇಳಿ ನಕ್ಕಳು, ಕರವಸ್ತ್ರದೊಳಗೆ.

ಅಪ್ಪ ನಗಲಿಲ್ಲ.
ಊರ ಮಕ್ಕಳಿಗೆಲ್ಲ ಕಿವಿಯಾದವನು
ಮನೆಗೆ ಬಂದರೆ ಆ ಕಿವಿಯನ್ನು
ರೇಡಿಯೋದ ಹಾಕಿ ಪಂದ್ಯಕ್ಕೆ ಒತ್ತಿಡುತ್ತಿದ್ದ.
ಖಾಲಿಯಾಗಿ ಬರುತ್ತಿದ್ದನೋ, ತುಂಬಿ ಬರುತ್ತಿದ್ದನೋ,
ಅಪ್ಪನಿಗೆ ಇವತ್ತಿಗೂ ಬಗೆಹರಿದಿಲ್ಲ.

ಡೇಲ್ ಎಂಬುವನ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ.
ಹದಿನಾರಕ್ಕೇ ನಿಂತ ಹುಡುಗ.
ಪ್ರತಿ ನವೆಂಬರ್ ಪಾಪ್ಪಾ ಆ ಸಮಾಧಿಗೆ ಒಬ್ಬನೇ ಹೋಗುತ್ತಿದ್ದ.
ಒಂದು ವರ್ಷ ಕಾರಿನಲ್ಲಿ ಕಾದವಳು ನಾನು, ಎಂಟು ವರ್ಷದವಳು,
ಗಾಜಿನ ಮಂಜಿನ ಮೇಲೆ ಬೆಕ್ಕು ಬರೆಯುತ್ತ.
ಬಾಗಿಲು ತೆರೆದು ಕೂತ, ಕೀಲಿ ತಿರುಗಿಸಲಿಲ್ಲ, ಬಹಳ ಹೊತ್ತು.
ಅವನ ಬೆರಳುಗಳಿಂದ ಕಿತ್ತಳೆಯ ವಾಸನೆ.

ನನಗೆ ಹದಿನಾಲ್ಕಾದಾಗ, ಅಪ್ಪ ಅಮ್ಮ
ಪಾತ್ರೆಗಳನ್ನೂ ನನ್ನನ್ನೂ ಹಂಚಿಕೊಳ್ಳುತ್ತಿದ್ದ ಬೇಸಿಗೆ,
ಸೈಕಲ್ ತುಳಿದು ಅವನಲ್ಲಿಗೆ ಹೋದೆ.
ಏನೂ ಕೇಳಲಿಲ್ಲ. ನನಗೆ ಸಿಟ್ಟು:
ನಿವೃತ್ತನಾದವನಿಗೆ ಮೊಮ್ಮಗಳೂ ರಜೆಯೇ?
ಅಡುಗೆಮನೆಯಲ್ಲಿ ಚಾಕು ತೆಗೆದ.
ನಾನು ಮಾತಾಡುತ್ತಲೇ ಹೋದೆ,
ಸಿಪ್ಪೆ ಇಳಿಯುತ್ತಲೇ ಹೋಯಿತು.
ಕೊನೆಗೆ ಅರ್ಧ ನನಗೆ, ಅರ್ಧ ತನಗೆ. “ಹುಳಿ ಇದೆ” ಅಂದ.
ಅಷ್ಟೇ ಅವನ ಉಪದೇಶ.

ಕುರ್ಚಿ ಈಗ ನನ್ನ ಮನೆಯಲ್ಲಿದೆ.
ಬಂದವರು ಹೇಳುತ್ತಾರೆ: ಕಾಲಿಗೊಂದು ರಟ್ಟಿನ ತುಂಡು ಇಡು.
ಇಡುವುದಿಲ್ಲ.
ಯಾರಾದರೂ ಬಾಗಿಲಲ್ಲಿ ಸುಮ್ಮನೆ ನಿಂತರೆ
ಓಡಿ ಹೋಗಿ ಅದರಲ್ಲಿ ನಾನೇ ಕೂರುತ್ತೇನೆ.

ಸಿಪ್ಪೆ ಮಾತ್ರ ಇನ್ನೂ
ನಡುವೆಯೇ ಹರಿಯುತ್ತದೆ ನನ್ನ ಕೈಯಲ್ಲಿ.