ಗೀರು ಇರುವ ಕಡೆ

ಎವಾರಿಸ್ತೊ ಬಂದದ್ದು ಮಂಗಳವಾರ,
ಕೋಲಿನ ತುದಿಯಲ್ಲಿ ನನ್ನ ಹೊಸ್ತಿಲನ್ನು ಎರಡು ಸಲ ತಟ್ಟಿ.
ಸುಣ್ಣದ ಗೋಡೆಗಳ ಈ ಉಬ್ರಿಕೆಯ ಇಳಿಜಾರೆಲ್ಲ
ಅವನ ಅಂಗಾಲಿಗೆ ಬಾಯಿಪಾಠ.
ಚೌಕದ ಮೂಲೆಯಲ್ಲಿ ಮೂವತ್ತು ವರ್ಷದಿಂದ
ಕಾಣದ ಕಣ್ಣಲ್ಲಿ ಕೂತು ಊರಿಗೆ ಅದೃಷ್ಟ ಮಾರುತ್ತಾನೆ,
ಲಾಟರಿ ಚೀಟಿ, ಒಂದಕ್ಕೆ ಇಷ್ಟು ಅಂತ.
"ಎಂಕಾರ್ನಾ, ನನಗೊಂದು ಚೀಲ ಬೇಕು.
ಹಳೆಯದು ಬಾಯಿ ಬಿಟ್ಟಿದೆ. ನಾಣ್ಯ ಉದುರಿದರೆ
ನನಗಿಂತ ಮೊದಲು ಹುಡುಗರಿಗೆ ಕೇಳುತ್ತದೆ."

ಬಣ್ಣ ಯಾವುದು ಅಂತ ಕೇಳಿಬಿಟ್ಟೆ. ನಾಲಿಗೆ ಕಚ್ಚಿಕೊಂಡೆ.
ಅವನು ನಕ್ಕ: "ಕೊಳೆ ಕಾಣದ್ದು. ನೋಡುವವರು ನೀವಲ್ಲವೇ."

ಚರ್ಮದ ಸುರುಳಿಗಳನ್ನು ಮೇಜಿಗೆ ಹರಡಿದೆ.
ಒಂದೊಂದನ್ನೂ ಮೂಸಿದ, ಹಿಟ್ಟು ನಾದುವವರ ಹಾಗೆ ಹಿಂಡಿದ,
ಕಿವಿಯ ಹತ್ತಿರ ಹಿಡಿದು ಮಡಚಿದ.
ಇದು ಹೊಟ್ಟೆಯ ಭಾಗ, ಸಡಿಲ, ಅಂದ. ಹೌದು.
ಇದಕ್ಕೆ ಹದ ಕೂತಿಲ್ಲ, ತೊಗಟೆನೀರಲ್ಲಿ ನಾಲ್ಕು ದಿನ ಕಮ್ಮಿ, ಅಂದ. ಅದೂ ಹೌದು.
ಆಮೇಲೆ ಒಂದು ಕಡೆ ಹೆಬ್ಬೆರಳು ನಿಂತಿತು.
ನನಗೆ ಗೊತ್ತಿತ್ತು ಆ ಜಾಗ: ಮುಳ್ಳುತಂತಿಯ ಗೀರು,
ಗೇಣುದ್ದ, ಮಾಯ್ದು ಉಬ್ಬಿದ್ದು,
ಯಾವುದೋ ಕರು ಯಾವುದೋ ಬೇಲಿಯನ್ನು
ಯಾಕೋ ನುಗ್ಗಿದ ದಿನದ್ದು.

ನಲವತ್ತು ವರ್ಷ ನನ್ನ ಕೆಲಸವೇ ಇದು,
ಗೀರು ಕಂಡಲ್ಲಿ ಸೀಮೆಸುಣ್ಣದ ಸುತ್ತು ಹಾಕುವುದು,
ಸುತ್ತು ಬಿಟ್ಟು ಕತ್ತರಿಸುವುದು.
ಪ್ಯಾರಿಸ್ಸಿಗೆ ಹೋಗುವ ಚೀಲಗಳಿಗೆ
ಎಂದೂ ಬದುಕಿರದ ದನದ ಚರ್ಮ ಬೇಕು.
ನೊಣ ಕಚ್ಚಿರಬಾರದು, ನರ ಮೂಡಿರಬಾರದು,
ಮರಕ್ಕೆ ಮೈ ತಿಕ್ಕಿ ಸುಖ ಪಟ್ಟಿರಬಾರದು.

"ಇದು ಇರಲಿ," ಅಂದ. "ಇದೇ ಮುಂದೆ ಬರಲಿ.
ಬೆಳಿಗ್ಗೆ ಹೆಗಲಿಗೇರಿಸುವಾಗ
ಮುಂದು ಯಾವುದು, ಹಿಂದು ಯಾವುದು,
ಹೇಳುವವರು ಯಾರಾದರೂ ಬೇಕಲ್ಲ ನನಗೆ."

ರಂಪಿಗೆಗೆ ಸಾಣೆ ಹಿಡಿದೆ. ಕೈ ಒಪ್ಪಲಿಲ್ಲ.
ಅಚ್ಚುರಟ್ಟನ್ನು ಗೀರಿನ ಮೇಲಿಟ್ಟರೆ
ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು,
ದಿನದ ದಾರಿ ಬಿಡದ ಹೇಸರಗತ್ತೆಯ ಹಾಗೆ.
ಬೈದು ತಂದು ನಿಲ್ಲಿಸಿದೆ. ಕತ್ತರಿಸಿದೆ.
ಅಂಚು ಸೀವಿ, ಅಂಟು ಸವರಿ, ಮಡಚಿ,
ಅಪ್ಪನ ಮರದ ಹತಾರದಿಂದ ತೀಡಿದೆ.
ಮೇಕೆಗಾಲು ಅನ್ನುತ್ತೇವೆ ಅದಕ್ಕೆ, ಇಲ್ಲಿ ಮನೆಗೊಂದಿರುತ್ತದೆ;
ಅಪ್ಪನ ಹೆಬ್ಬೆರಳು ಸವೆಸಿದ ಹಳ್ಳದಲ್ಲಿ
ನನ್ನದು ಇವತ್ತಿಗೂ ಸಡಿಲ.

ಎರಡು ಸೂಜಿ, ಒಂದೇ ಮೇಣದ ದಾರ,
ಒಂದೇ ತೂತಿನಲ್ಲಿ ಎದುರುಬದುರು ಹಾಯ್ದು
ಎಳೆದಾಗ ಕಿರ್ ಅನ್ನುತ್ತದೆ.
ನಾಣ್ಯದ ಅರೆಗೆ ಒತ್ತು ಹೊಲಿಗೆ.
ಮಾರಬೇಕಾದ ಚೀಟಿಗಳಿಗೆ ನುಣುಪಾದ ಬಾಯಿ.
ಸೋತವರು ಅವನ ಕೈಗೇ ತುರುಕಿ ಹೋಗುವ
ಹಳೆ ಚೀಟಿಗಳಿಗೆ ಬಿಡಿ ಹೊಲಿಗೆ, ಅಕ್ಕಿಕಾಳಷ್ಟು ದೂರ ದೂರ.

ರಾತ್ರಿ ದೀಪ ಆರಿಸಿ ನಾನೇ ಪರೀಕ್ಷೆಗೆ ಕೂತೆ.
ನಾಣ್ಯ ಚೀಟಿಯ ಮನೆಗೆ ಹೋಯಿತು.
ದೀಪ ಹಚ್ಚಿ ಬಿಚ್ಚಿದೆ, ಮತ್ತೆ ಹೊಲಿದೆ.
ಬಟ್ಟೆಯಾದರೆ ಮರೆಯುತ್ತದೆ, ಚರ್ಮ ಮರೆಯುವುದಿಲ್ಲ;
ಹಳೆಯ ತೂತುಗಳು ಖಾಲಿ ಸಾಲಾಗಿ ಹಾಗೇ ಉಳಿದವು.
ಇರಲಿ, ಅವಕ್ಕೂ ಅವನೊಂದು ಕೆಲಸ ಹುಡುಕುತ್ತಾನೆ.

ಶನಿವಾರ ಬಂದು ಹೆಗಲಿಗೆ ಹಾಕಿಕೊಂಡ.
ಗೀರು ಹುಡುಕಲಿಲ್ಲ, ಬೆರಳು ನೇರ ಅಲ್ಲಿಗೇ ಹೋಯಿತು.
ಖಾಲಿ ತೂತುಗಳ ಮೇಲೆ ಉಗುರು ಆಡಿಸಿ
"ಇಲ್ಲಿ ಜಗಳ ಆಗಿದೆ," ಅಂದ.
ಹೇಳಿದ ದುಡ್ಡು ಎಣಿಸಿ ಕೊಟ್ಟ, ಮೇಲೊಂದು ಚೀಟಿ.

ಚೀಟಿ ಗೆಲ್ಲಲಿಲ್ಲ.
ಸೋಮವಾರ ಚೌಕಕ್ಕೆ ಹೋಗಿ ಹಾಗಂತ ಹೇಳಿದೆ.
ಮುಖ ಅತ್ತ ತಿರುಗಿಸಿಕೊಂಡೇ, ಯಾರದೋ ಚಿಲ್ಲರೆ ಎಣಿಸುತ್ತಲೇ,
ಎಡಗೈಯಲ್ಲಿ ಬಿಡಿ ಹೊಲಿಗೆಯ ಬಾಯಿ ತೆರೆದು ಹಿಡಿದ:
"ಹಾಕು ಇದರಲ್ಲಿ."