ಉಪ್ಪು ನೋಡುವುದು

ಗುತ್ತಲು ರಸ್ತೆಯ ನನ್ನ ಮಿಲ್ಟ್ರಿ ಹೋಟ್ಲಿನಲ್ಲಿ
ಬೋಟಿ ಗೊಜ್ಜು ಕುದಿ ಹತ್ತುವ ಹೊತ್ತಿಗೆ
ಮೊದಲ ಸಲ ಬಂತು ಅದು.
ಎದೆಯ ನಡುವಿಂದ ಎದ್ದು, ಕತ್ತು ಹತ್ತಿ,
ಕಿವಿ ಸುಟ್ಟು, ಕೂದಲ ಬುಡ ಮುಟ್ಟಿ
ನೀರಾಗಿ ಬೆನ್ನಿಗಿಳಿಯಿತು.

ಒಲೆಯದು ಅಂದುಕೊಂಡೆ.
ಇಪ್ಪತ್ತೆರಡು ವರ್ಷ ಬೆಂಕಿಯ ಮುಂದೆ ನಿಂತವಳು
ಇನ್ಯಾರ ಮೇಲೆ ಗುಮಾನಿಪಡಲಿ?
ಆದರೆ ಒಲೆ ಆರಿದ ಮೇಲೂ, ರಾತ್ರಿ ಎರಡಕ್ಕೆ
ದಿಂಬು ಒದ್ದೆ, ಸೀರೆಯ ನೆರಿಗೆ ಒದ್ದೆ.
ಪಕ್ಕದಲ್ಲಿ ನಮ್ಮೋರು ಧನುರ್ಮಾಸದ ಚಳಿಗೆ
ಎರಡು ಕಂಬಳಿಯೊಳಗೆ ಮುದುಡಿದ್ದರು.

ಮುಟ್ಟು ನಿಂತು ಎಷ್ಟು ತಿಂಗಳಾಯಿತು?
ಮಟನ್ನಿನ ಲೆಕ್ಕ ಇದೆ, ಹಾಲಿನವನ ಲೆಕ್ಕ ಇದೆ,
ಸಿಲಿಂಡರ್ ಬಂದ ದಿನಕ್ಕೂ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಇದೆ.
ಇದೊಂದು ಬರೆದಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ನನ್ನ ಮಗಳ ವಯಸ್ಸು,
ಬಿಪಿ ನೋಡಿ, ರಕ್ತ ನೋಡಿ, ಕಡೆಗೆ ಮುಖ ನೋಡಿ
"ಮಾತ್ರೆ ಇವೆ, ಬೇಕಾದರೆ ಕೊಡ್ತೀನಿ.
ಅದಕ್ಕೂ ಮುಂಚೆ ಮೂರು ತಿಂಗಳು ಮಾಂಸ ಬಿಟ್ಟು
ಕಾಳು, ಸೊಪ್ಪು, ಸೋಯಾ, ಅಗಸೆ ತಿಂದು ನೋಡಿ.
ಎಲ್ಲರಿಗೂ ಹಿಡಿಸುತ್ತೆ ಅಂತ ಹೇಳಲಾರೆ" ಅಂದಳು.
ಆಮೇಲೆ ಕೇಳಿದಳು, ಏನು ಕೆಲಸ ಮಾಡ್ತೀರಿ ಅಂತ.
ಹೇಳಿದೆ.
ಇಬ್ಬರೂ ನಕ್ಕ ನಗೆಗೆ
ಹೊರಗೆ ಚೀಟಿ ಹಿಡಿದು ಕೂತ ಬಸುರಿಯರು ತಿರುಗಿ ನೋಡಿದರು.

ಸರಿ, ಬಿಟ್ಟೆ.
ಸಾರಿಗೆ ಉಪ್ಪು ನೋಡುವವರು ಯಾರು?
ಹೊಂಬಾಳಮ್ಮ ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕಿ
ಕಣ್ಣು ಮುಚ್ಚಿ, ತೀರ್ಪು ಕೊಡುವವಳ ಹಾಗೆ,
"ಇನ್ನೊಂದು ಚಿಟಿಕೆ ಕಣಕ್ಕ" ಅನ್ನುವಳು.
ಮಿಕ್ಕಿದ್ದು ನನ್ನ ಮೂಗಿಗೆ ಗೊತ್ತು.
"ಇವತ್ತು ಸಾರು ಜೋರಾಗದೆ" ಎಂದು ಬೆರಳು ಚೀಪುವ
ಲಾರಿಯ ಜವರಪ್ಪನಿಗೆ ತಿಳಿಯದು,
ಬೇಯಿಸಿದವಳು ಹಿತ್ತಿಲಲ್ಲಿ ಮಸ್ಸೊಪ್ಪು ಉಣ್ಣುತ್ತಿದ್ದಾಳೆಂದು.

ಮುದ್ದೆ ಅದೇ. ಅದು ಜಾತಿ ಕೆಟ್ಟಿಲ್ಲ.
ಹುರಳಿ ಬಸ್ಸಾರು, ಹಿದುಕವರೆ, ದಂಟು, ಕಿರಕೀರೆ.
ಬಡಗಲ ಸೀಮೆಯವರ ಅಗಸೆ ಪುಡಿಯೂ ಒಗ್ಗಿತು.
ಸೋಯಾ ಉಂಡೆ ಮಾತ್ರ ಒಲ್ಲೆ,
ಮಾಂಸದ ವೇಷ ಕಟ್ಟಿ ಬಂದ ನೆಂಟ ಅದು,
ನನ್ನ ಕಣ್ಣು ತಪ್ಪಿಸಲಾರದು.

ಒಂದು ದಿನ ಅಣ್ಣೆಸೊಪ್ಪು ಬಿಡಿಸುವಾಗ
ಅವ್ವ ನೆನಪಾದಳು.
ಕೀಲಾರದ ನಾಲೆಯಲ್ಲಿ, ನಡು ಮಧ್ಯಾಹ್ನ,
ಸೀರೆ ಉಟ್ಟಂತೆಯೇ ಕತ್ತಿನ ಮಟ್ಟ ಇಳಿದು
ಸುಮ್ಮನೆ ಕೂತಿರುತ್ತಿದ್ದಳು.
ಗಾಳಿ ಮೆಟ್ಟಿಕೊಂಡಿದೆ ಎಂದರು. ತಾಯತ ಕಟ್ಟಿದರು.
ಹುಣಸೆ ಬರಲಿನಲ್ಲಿ ಎರಡೇಟು ಹಾಕಿದರು ಕೂಡ.
ನಾನು ದಡದ ಮೇಲೆ ಅವಳ ಸೊಪ್ಪಿನ ಮಡಿಲು ಹಿಡಿದು ನಿಂತಿದ್ದೆ,
ಹನ್ನೆರಡು ವರ್ಷದವಳು, ನಾಚಿಕೆಪಟ್ಟುಕೊಂಡು.
ಅವ್ವಾ, ನಿನಗೆ ಆಗ ಐವತ್ತೂ ಆಗಿರಲಿಲ್ಲ.

ಈಗ ಕ್ಯಾಲೆಂಡರಿನಲ್ಲಿ ಸಿಲಿಂಡರಿನ ಪಕ್ಕ
ಬಿಸಿ ಬಂದಾಗೊಂದು ಗೀಟು ಎಳೆಯುತ್ತೇನೆ.
ದಿನಕ್ಕೆ ಒಂಬತ್ತಿದ್ದವು, ನಾಲ್ಕಾಗಿವೆ.
ಮೊನ್ನೆ ಮತ್ತೆ ಒಂಬತ್ತು. ಯಾಕೋ.
ನಿದ್ದೆ ಮಾತ್ರ ಹಳೇ ಗೆಳತಿಯಂತೆ
ಹೇಳದೆ ಕೇಳದೆ ಒಳಗೆ ಬಂದು ಮಲಗುತ್ತದೆ.

ಹೊಸತೊಡಕಿನ ದಿನ ಬೆಳಗಿನ ಆರಕ್ಕೇ ಸಾಲು.
ನಾಲ್ಕು ಕುರಿ ಕರಗುವಾಗ ನನಗೂ ಆಸೆಯಾಯಿತು,
ಸುಳ್ಳು ಯಾಕೆ ಹೇಳಲಿ,
ಒಂದು ತುಂಡು ಈರುಳಿ ತಿಂದೆ. ರುಚಿಯಾಗಿತ್ತು.
ಮೂರು ಗಂಟೆಗೆ ಪಾತ್ರೆಗಳೆಲ್ಲ ಬರಿದಾಗಿ
ಹಿತ್ತಿಲ ಕಟ್ಟೆಯಲ್ಲಿ ಉಪ್ಸಾರು ಬಡಿಸಿಕೊಂಡೆ.
ಹೊಂಬಾಳಮ್ಮ ಸೆರಗಿನಿಂದ ಬೀಸಿಕೊಳ್ಳುತ್ತ ಬಂದಳು.
"ಅಕ್ಕ, ನಂಗೂ ಯಾಕೋ ಕಿವಿ ಸುಡ್ತದೆ. ಒಲೆದಾ?"

ಏನೂ ಹೇಳಲಿಲ್ಲ.
ಕೈಯಿಡದ ಮುದ್ದೆಯನ್ನು ಎರಡು ಮಾಡಿ
ಅವಳ ತಟ್ಟೆಗಿಟ್ಟು ಸಾರು ಬಿಟ್ಟೆ.
ಉಪ್ಪು ನೋಡು, ಅಂದೆ.